ಬೇಚರಾಕ್ – ೯: ತಾಮ್ರದ ಮುಯ್ಯಿ

ಮಾಘ ಮುಗಿಯುತ್ತ ಬಂದಿತ್ತು. ಚಾನಲ್ ಕೆಳಗಿನ ಗದ್ದೆಗಳಲ್ಲಿ ಬೇಸಿಗೆ ಭತ್ತದ ನಾಟಿ ಮುಗಿದು ಪೈರು ಬೇರು ಹಿಡಿಯುತ್ತಿತ್ತು. ಚಾನಲ್ ನೀರು ಹತ್ತದ ಈ ದಿಣ್ಣೆಯ ಮೇಲೆ ಮಾತ್ರ ಬರೀ ಒಣಹುಲ್ಲು. ಎಲೆಯನ್ನೆಲ್ಲ ಉದುರಿಸಿಕೊಂಡ ಹಾಲವಾಣದ ಮರ ಕೆಂಪು ಹೂವನ್ನಷ್ಟೇ ಹೊತ್ತು ನಿಂತಿತ್ತು. ಅದರ ಹೆಸರು ಇಟ್ಟುಕೊಂಡ ಊರು, ಹಾಲವಾಣಗಟ್ಟೆ, ಅದರ ಸುತ್ತಲೂ ಮೊಣಕಾಲೆತ್ತರದ ಗೋಡೆಗಳಾಗಿ ಬಿದ್ದಿತ್ತು.

"ಎಳೀರಿ" ಎಂದ ಕಲ್ಲಪ್ಪ.

ದಿವ್ಯಶ್ರೀ ಸರಪಳಿಯ ಆ ತುದಿ ಎಳೆದಳು. ಅಂಗೈ ಕೆಂಪಾಗಿತ್ತು. "ಟೇಪ್ ಇದೆ ಸರ್, ಲೇಸರ್ ಇದೆ. ಈ ಕಬ್ಬಿಣದ ಸರಪಳಿನೇ ಯಾಕೆ?"

"ಹಳೇ ನಕಾಶೆ ಸರಪಳಿ ಲೆಕ್ಕದಲ್ಲಿದೆ. ಸುಳ್ಳು ಬರೆದಿದ್ರೂ ಅದೇ ಅಳತೇಲಿ ಬರೆದಿರ್ತಾರೆ. ಅದರಲ್ಲೇ ಅಳೆದ್ರೆ ಬೇಗ ಸಿಗ್ತದೆ."

ಅರವತ್ತೊಂದರ ಕಲ್ಲಪ್ಪ ಸರ್ವೆಯರ್ ಆಗಿ ನಿವೃತ್ತನಾಗಿ ಒಂದು ವರ್ಷವಾಗಿತ್ತು. ಗಲಾಟೆಯಾಗಿ ಜನ ಬಿಟ್ಟುಹೋದ ಹನ್ನೆರಡು ಊರುಗಳನ್ನು ದಾಖಲು ಮಾಡುವ ಕೆಲಸಕ್ಕೆ ದಿವ್ಯಶ್ರೀ ಅವನನ್ನು ಕರೆದುಕೊಂಡಿದ್ದಳು. ಅವಳು ಜನರ ಮಾತು ಬರೆದುಕೊಳ್ಳುವವಳು, ಇವನು ನೆಲದ ಮಾತು. ಹನ್ನೊಂದು ಊರು ಮುಗಿದಿದ್ದವು. ಈ ಹನ್ನೆರಡನೆಯದರ ವರದಿ ಸೋಮವಾರ ಸಮಿತಿಯ ಮುಂದೆ ಹೋಗಬೇಕು. ಇವತ್ತು ಗುರುವಾರ.

ಮರದ ಬುಡದಲ್ಲಿ ಗೋಣಿಚೀಲ ಹಾಸಿಕೊಂಡು ಕರಿಯಮ್ಮ ಕೂತಿದ್ದಳು. ಒಂದೊಂದು ಪಾಯ ಅಳೆದು ಮುಗಿದಾಗಲೂ ಕೂತಲ್ಲಿಂದಲೇ ಆ ಮನೆಯ ಹೆಸರು ಕೂಗಿ ಹೇಳುವುದು ಅವಳ ಪಾಲಿನ ಕೆಲಸ.

"ಅದು ಮಹಾಂತಮ್ಮಂದು. ಮುಂಬಾಗ್ಲಲ್ಲೇ ಎಮ್ಮೆ ಕಟ್ಟೋಳು. ಯಾರು ಹೋದ್ರೂ ಹಾಯೋದು. ಅದು ಎಮ್ಮೆ ಅಲ್ಲ ಕಣೇ, ಅವಳ ಅತ್ತೇನೇ ಮತ್ತೆ ಹುಟ್ಟಿರೋದು ಅಂತ ನಗಾಡ್ತಿದ್ವಿ."

ದಿವ್ಯಶ್ರೀ ನಗುತ್ತಲೇ ಬರೆದುಕೊಂಡಳು. "ಪಕ್ಕದ್ದು ಅಜ್ಜಿ? ಹದಿನಾಲ್ಕನೇದು?"

ಕರಿಯಮ್ಮ ಮಡಿಲಲ್ಲಿದ್ದ ಹುಣಸೆಹಣ್ಣಿನ ಓಡು ಬಿಡಿಸುತ್ತಿದ್ದಳು. ಒಂದು ಹಣ್ಣು ಬಿಡಿಸಿ ಮುಗಿಸಿದಳು.

"ಅದು ನಮ್ಮದು."

ಕೆಳಗಿನ ಕೇರಿಯ ಕೆಂಚಪ್ಪನ ಮನೆ. ಕಡತದ ಪ್ರಕಾರ ಎಲ್ಲ ಶುರುವಾದದ್ದು ಅಲ್ಲಿಂದ. ಕೆರೆ ಅಂಚಿನ ಜಮೀನು ಕೆಳಗಿನ ಕೇರಿಗೆ ಮಂಜೂರಾಗಿ ಮೇಲಿನ ಕೇರಿಗೂ ಅವರಿಗೂ ಎರಡು ವರ್ಷ ಜಗಳ ನಡೆದಿತ್ತು. ತೊಂಬತ್ತೆಂಟನೆಯ ಇಸವಿ ಫೆಬ್ರವರಿ ಹನ್ನೊಂದರಂದು, ಮೇಲಿನವರ ಮೇಲೆ ತಪ್ಪು ಹೊರಿಸಲು ಕೆಂಚಪ್ಪನೇ ತನ್ನ ಕೇರಿಗೆ ಬೆಂಕಿಯಿಟ್ಟು ಪರಾರಿಯಾದ. ಮುಂದಿನ ವಾರದೊಳಗೆ ನಲವತ್ತೊಂದು ಮನೆಯವರೂ 'ಸ್ವಇಚ್ಛೆಯಿಂದ' ಊರು ತೊರೆದರು. ಕಡತದಲ್ಲಿ ಇರುವುದು ಇಷ್ಟೇ. ಆ ಒಂದು ಪದದಿಂದಾಗಿ ಕೆಳಗಿನ ಕೇರಿಯವರಿಗೆ ಜಮೀನೂ ಇಲ್ಲ, ಪರಿಹಾರವೂ ಇಲ್ಲ. ಕರಿಯಮ್ಮ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಇಪ್ಪತ್ತೇಳು ವರ್ಷ ಊರು ಸುಟ್ಟವನ ಹೆಂಡತಿಯಾಗಿ ಬದುಕಿದ್ದಳು. ಸ್ವಂತ ಕೇರಿಯವರೇ ಮದುವೆ ಮುಂಜಿಗೆ ಕರೆಯುತ್ತಿರಲಿಲ್ಲ.

ಕಲ್ಲಪ್ಪ ಪಾಯದೊಳಕ್ಕೆ ಇಳಿದ. ಒಲೆಯ ಮೂಲೆಯಲ್ಲಿ ಮಣ್ಣು ಇನ್ನೂ ಇಟ್ಟಿಗೆ ಬಣ್ಣಕ್ಕಿತ್ತು. ಗಡಿಕಲ್ಲು ನೆಡುವ ಹಾರೆಯಿಂದ ಮೆಲ್ಲಗೆ ಮೀಟಿದ. ಮಣ್ಣಿನ ಸದ್ದು ಬದಲಾಯಿತು. ಕೈಯಲ್ಲೇ ಬಗೆದು ತೆಗೆದ.

ತಂಬಿಗೆ. ಗೋಡೆ ಕೆಳಗೆ ಸಿಕ್ಕಿ ಒಂದು ಬದಿ ಚಪ್ಪಟೆಯಾಗಿ, ಮೈತುಂಬ ಹಸಿರು ಕಿಲುಬು ಹಿಡಿದಿತ್ತು. ಕಂಠದ ಕೆಳಗೆ ಏನೋ ಚುಕ್ಕೆ ಚುಕ್ಕೆ.

"ಹುಣಸೆಹಣ್ಣು ಕೊಡಕ್ಕ ಒಂದು."

ಕರಿಯಮ್ಮ ಎದ್ದು ಬಂದು ಕೊಟ್ಟಳು. ಅವನು ಉಜ್ಜಿದ. ಹಸಿರು ಕರಗಿ ತಾಮ್ರ ಕೆಂಪಾಗುತ್ತ ಬಂತು. ಪಾತ್ರೆ ಅಂಗಡಿಯವರು ಉಳಿಯಿಂದ ಹೊಡೆಯುವ ಚುಕ್ಕೆ ಅಕ್ಷರ ಒಂದೊಂದಾಗಿ ಎದ್ದವು.

'ಕೆಂಚಪ್ಪನ ಮಗಳ ಮದುವೆಗೆ. ಜಯಕುಮಾರ್, ಮೇಲಿನ ಕೇರಿ. ೨೦-೪-೯೭.'

"ಜಯಕುಮಾರ್ ಅಂದ್ರೆ ಆ ರೈಸ್ ಮಿಲ್ ಜಯಕುಮಾರಾ?" ದಿವ್ಯಶ್ರೀ ಬಗ್ಗಿ ನೋಡಿದಳು. "ಎರಡು ಕೇರಿಗೂ ಆಗ್ತಿರ್ಲಿಲ್ಲ ಅಂತೀರಿ. ಅವರು ನಿಮ್ಮ ಮಗಳ ಮದುವೆಗೆ ಉಡುಗೊರೆ ಕೊಟ್ಟಿದ್ರಾ?"

"ಉಡುಗೊರೆ ಅಲ್ಲ ಕಣವ್ವ, ಮುಯ್ಯಿ. ನಮ್ಮ ಮನೆ ಮದುವೇಲಿ ಅವರು ಕೊಟ್ರೆ, ಅವರ ಮನೆ ಮದುವೇಲಿ ನಾವು ತಿರುಗಿ ಕೊಡ್ಬೇಕು. ತಂಬಿಗೆಗೆ ತಂಬಿಗೆ. ಬಾಯಲ್ಲಿ ಎಷ್ಟೇ ಬೈದಾಡ್ಲಿ, ಮುಯ್ಯಿ ನಿಂತಿರ್ಲಿಲ್ಲ."

"ಸೇಡು ತೀರಿಸಿಕೊಳ್ಳೋದಕ್ಕೂ ಮುಯ್ಯಿ ಅಂತಾರಲ್ವಾ?"

"ಅದಕ್ಕೂ ಅದೇ ಮಾತು" ಎಂದ ಕಲ್ಲಪ್ಪ.

"ಹಾಗಾದ್ರೆ ನೀವು ತಿರುಗಿ ಕೊಟ್ರಾ ಅಜ್ಜಿ?"

"ಎಲ್ಲಿ ಕೊಡೋದು. ಜಯಕುಮಾರನ ಮದುವೆಗೆ ಎರಡು ದಿನ ಇತ್ತು, ಬೆಂಕಿ ಬಿತ್ತು. ಅವತ್ತು ಹೋದ ಗಂಡ ಮತ್ತೆ ನನ್ನ ಕಣ್ಣಿಗೆ ಬೀಳ್ಲಿಲ್ಲ. ಮುಯ್ಯಿ ಹಂಗೇ ಉಳೀತು."

ಕರಿಯಮ್ಮ ಮಾತಾಡುವಾಗ ಎದುರಿನವರ ಮುಖ ನೋಡಿಯೇ ಮಾತಾಡುವವಳು. ಮೂರು ವಾರದಿಂದ ಕಲ್ಲಪ್ಪ ಗಮನಿಸಿದ್ದ. ಈಗ ಅವಳು ನೆಲದ ಮೇಲೆ ಬಿದ್ದ ಸರಪಳಿಯನ್ನು ನೋಡುತ್ತ ಮಾತಾಡಿದಳು.

"ಈ ಸರಪಳಿನೇ ಅಲ್ವಾ ಸಾಮಿ" ಎಂದಳು, "ಅವತ್ತು ನಮ್ಮ ಕೆರೆ ಅಂಚಿನ ಜಮೀನಿಗೆ ಹಿಡಿದಿದ್ದು? ಒಂದು ಎಕರೆ ಹತ್ತು ಗುಂಟೆ."

"ಇದೇ."

"ಮೇಲಿನವ್ರು ಎಷ್ಟು ಕೂಗಾಡಿದ್ರೂ ನೀವು ಒಂದು ಆಣೆ ನೆಲಾನೂ ಆಚೆ ಈಚೆ ಮಾಡ್ಲಿಲ್ಲ."

ಅದು ಹೊಗಳಿಕೆಯಂತೆ ಕೇಳಿಸಲಿಲ್ಲ. ಕಲ್ಲಪ್ಪ ತಂಬಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದ.

ಅಳತೆ ಮುಗಿದ ಮೇಲೆ ದಿವ್ಯಶ್ರೀ ಮಹಜರಿನ ಪ್ರತಿಯನ್ನು ಇನ್ನೊಮ್ಮೆ ತೆರೆದಳು. ಮಾರ್ಚ್ ಎರಡು, ತೊಂಬತ್ತೆಂಟು. 'ಸ್ಥಳ ಪರಿಶೀಲಿಸಲಾಗಿ ಸದರಿ ಗ್ರಾಮದಲ್ಲಿ ಯಾರೂ ವಾಸವಿಲ್ಲದೆ ಬೇಚರಾಕ್ ಆಗಿರುತ್ತದೆ.'

"ಈ ಬೇಚರಾಕ್ ಅನ್ನೋದು ಯಾವ ಭಾಷೆ ಸರ್?"

"ಬಜಾರಿನ ಸಾಬ್ರು ಚಿರಾಗ್ ಅಂತಾರಲ್ಲ, ದೀಪ. ಬೇಚಿರಾಗ್ ಅಂದ್ರೆ ದೀಪ ಇಲ್ಲದ್ದು. ದೀಪ ಹಚ್ಚೋರಿಲ್ಲದ ಊರು. ನಮ್ಮ ಕಚೇರೀಲಿ ಅದು ಬೇಚರಾಕ್ ಆಯ್ತು."

"ಬರೆದೋನು ಊರೊಳಕ್ಕೆ ಕಾಲಾದ್ರೂ ಇಟ್ಟಿದ್ನೋ ಇಲ್ವೋ. ಸರ್ವೆಯರ್ ಸಹಿ ಅಂತೂ ಓದೋಕೇ ಆಗಲ್ಲ. ಅಸ್ಪಷ್ಟ ಅಂತ ಬರೆದಿದೀನಿ."

ಕಲ್ಲಪ್ಪ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಮಡಚಿ ಕಟ್ಟು ಹಾಕಿದ. ಅವನು ಊರೊಳಕ್ಕೆ ಕಾಲಿಟ್ಟಿರಲಿಲ್ಲ. ಅವತ್ತು ಜೀಪಿನಲ್ಲಿ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಓಲಾಡುವ ಜೀಪಿನಲ್ಲೇ ಸಹಿ ಹಾಕಿದ್ದ. ಅದಕ್ಕೇ ಅದು ಅಸ್ಪಷ್ಟ.

ಮೂರು ವಾರದಿಂದ ಹೇಳಬೇಕು ಹೇಳಬೇಕು ಎಂದುಕೊಂಡೇ ಇದ್ದ.

*

ಕರಿಯಮ್ಮನನ್ನು ಬಸ್ಸಿಗೆ ಹತ್ತಿಸಿ ಇಬ್ಬರೂ ದಿವ್ಯಶ್ರೀಯ ಸ್ಕೂಟರಿನಲ್ಲಿ ಶಿವಮೊಗ್ಗಕ್ಕೆ ಬಂದಾಗ ಮೂರೂವರೆ ದಾಟಿತ್ತು. ವಿನೋಬನಗರದ ಎರಡನೇ ಅಡ್ಡರಸ್ತೆಯ ಮನೆ. ಗೇಟಿನ ಪಕ್ಕದ ಕಲ್ಲಿನಲ್ಲಿ ಜಯಕುಮಾರ್ ಎಂಬ ಹೆಸರು ಬಂಗಾರದ ಬಣ್ಣದಲ್ಲಿತ್ತು. ಹಿಂದಿನ ವಾರ ಅವನು ಕೊಟ್ಟ ಹೇಳಿಕೆಯನ್ನು ದಿವ್ಯಶ್ರೀ ಟೈಪು ಮಾಡಿ ತಂದಿದ್ದಳು. ಸಹಿ ಬೇಕಿತ್ತು.

"ಬನ್ನಿ ಸರ್ವೇರೇ, ಬಾರಮ್ಮ" ಎಂದ ಜಯಕುಮಾರ್. ಐವತ್ತೈದರ ಆಳು, ಊಟ ಮಾಡಿ ಮಲಗಿ ಎದ್ದ ಮುಖ. "ಬಿಸಿಲಲ್ಲಿ ಹಾಳೂರು ಸುತ್ತಿ ಸುತ್ತಿ ಕರ್ರಗಾಗಿದೀರಿ ಇಬ್ಬರೂ. ವಿಮಲಾ, ನೀರು ತಗೊಂಬಾ."

ದಿವ್ಯಶ್ರೀ ಹಾಳೆ ಮುಂದಿಟ್ಟಳು. "ಒಂದ್ಸಲ ಓದಿ ಸರ್. ಮುಖ್ಯವಾಗಿ ಈ ಸಾಲು."

ಅವನು ಕನ್ನಡಕ ಏರಿಸಿ ಗಟ್ಟಿಯಾಗಿಯೇ ಓದಿದ. "ಬೆಂಕಿ ಬಿದ್ದ ದಿನದ ನಂತರ ಕೆಂಚಪ್ಪನನ್ನು ನಾನಾಗಲಿ, ನಮ್ಮ ಮನೆಯವರಾಗಲಿ ಎಲ್ಲಿಯೂ ಕಂಡಿಲ್ಲ. ಸರಿ ಇದೆ. ಪೆನ್ ಕೊಡಿ."

ಹೆಂಡತಿ ವಿಮಲಾ ತಟ್ಟೆ ಹಿಡಿದು ಬಂದಳು. ಒಂದು ಬಟ್ಟಲಲ್ಲಿ ಬೆಲ್ಲ, ದಿವ್ಯಶ್ರೀಗೆ ಸ್ಟೀಲ್ ಲೋಟ, ಕಲ್ಲಪ್ಪನಿಗೆ ತಂಬಿಗೆ. ತಾಮ್ರದ್ದು, ಬೆಳಗಿ ಬೆಳಗಿ ಹೊಳೆಯುತ್ತಿತ್ತು.

"ತಾಮ್ರದ ನೀರು ಒಳ್ಳೇದಂತೆ" ಎಂದಳು. ಕಲ್ಲಪ್ಪನ ಕೈಗೇ ಕೊಟ್ಟಳು. "ನಿಧಾನವಾಗಿ ಕುಡೀರಿ."

ಅವನು ಬೆಲ್ಲ ಬಾಯಿಗೆ ಹಾಕಿಕೊಂಡು ತಂಬಿಗೆ ಎತ್ತಿದ. ಕಂಠದ ಕೆಳಗೆ ಹೆಬ್ಬೆರಳಿಗೆ ತರಿತರಿ ಹತ್ತಿತು. ನಲವತ್ತು ವರ್ಷ ಗಡಿಕಲ್ಲಿನ ಗುರುತುಗಳನ್ನು ಸವರಿದ ಬೆರಳು ಅದು. ನೀರು ಗಂಟಲಲ್ಲಿ ಇಳಿಯುತ್ತಿರುವಾಗಲೇ ಬೆರಳು ಓದತೊಡಗಿತು. ಕ, ಅದರ ತಲೆಯ ಮೇಲೆ ಎತ್ವದಂತೆ ಏನೋ. ಆಮೇಲೆ ಸೊನ್ನೆ. ಚ. ಪ, ಅದರ ಕೆಳಗೆ ಇನ್ನೊಂದು ಪ ಒತ್ತು.

ಯಾವ ಮನೆಯಲ್ಲೂ ಪಾತ್ರೆ ಮೇಲಿನ ಹೆಸರನ್ನು ಯಾರೂ ಓದುವುದಿಲ್ಲ. ಬೆಳಗುವವರು ಬೆಳಗುತ್ತಾರೆ, ಕುಡಿಯುವವರು ಕುಡಿಯುತ್ತಾರೆ. ಮದುವೆಯಾದ ವರ್ಷ ಅಟ್ಟಕ್ಕೆ ಹೋದದ್ದು ಯಾವಾಗಲೋ ಇಳಿದು ಬಂದು ಮನೆಯದೇ ಆಗಿಬಿಡುತ್ತದೆ. ಜಯಕುಮಾರನೂ ಇದರಲ್ಲಿ ಎಷ್ಟು ಸಲ ನೀರು ಕುಡಿದಿದ್ದನೋ.

"ಈ ತಂಬಿಗೆ ಯಾವುದು ಜಯಣ್ಣ?"

"ಯಾವುದೋ ಮಾರಾಯ್ರೆ. ಮನೇಲಿ ಪಾತ್ರೆಗೇನು ಬರ."

"ನಮ್ಮ ಮದುವೆಗೆ ಬಂದಿದ್ದು" ಎಂದಳು ವಿಮಲಾ, ಬಾಗಿಲ ಹತ್ತಿರ ನಿಂತು.

ಕಲ್ಲಪ್ಪ ತಂಬಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಓದಿ ಮುಗಿಸಿದ. ಆಮೇಲೆ ಚೀಲದಿಂದ ಅಳತೆ ಪುಸ್ತಕ ತೆಗೆದು, ಒಂದು ಹಾಳೆಯನ್ನು ತಂಬಿಗೆಯ ಮೈಗೆ ಒತ್ತಿ ಹಿಡಿದು, ಪೆನ್ಸಿಲನ್ನು ಅಡ್ಡ ಮಾಡಿ ಮೇಲೆ ಉಜ್ಜಿದ. ಸವೆದ ಗಡಿಕಲ್ಲಿನ ನಂಬರು ತೆಗೆಯುವುದು ಹೀಗೆಯೇ. ಕಪ್ಪು ಗೆರೆಗಳ ನಡುವೆ ಬಿಳಿ ಚುಕ್ಕೆಗಳು ಸಾಲಾಗಿ ಮೂಡಿದವು.

"ಏನ್ರೀ ಮಾಡ್ತಿದೀರಾ?"

"ಓದ್ತೀನಿ ಕೇಳಿ. ಜಯಕುಮಾರನ ಮದುವೆಗೆ. ಕೆಂಚಪ್ಪ, ಹಾಲವಾಣಗಟ್ಟೆ."

ದಿವ್ಯಶ್ರೀಯ ಲೋಟ ತುಟಿಯ ಹತ್ತಿರವೇ ನಿಂತಿತು.

ಜಯಕುಮಾರ್ ನಕ್ಕ. "ಅದಾ. ಮುಯ್ಯಿ ಇತ್ತಲ್ಲ, ಮೊದಲೇ ಮಾಡಿಸಿಟ್ಟಿದ್ದ ಅನ್ಸುತ್ತೆ. ಬೆಂಕಿಗೆ ಮುಂಚೆನೇ ಯಾರ ಕೈಲೋ ಕಳಿಸಿರ್ಬೇಕು. ನಮ್ಮಪ್ಪ ಇಸ್ಕೊಂಡು ಒಳಗಿಟ್ಟಿರ್ತಾರೆ."

"ಬೆಂಕಿಗೆ ಮುಂಚೆ."

"ಹೂಂ."

"ನಿಮ್ಮ ಮದುವೆ ಮೊದಲು ಗೊತ್ತಾಗಿದ್ದು ಫೆಬ್ರವರಿ ಹದಿಮೂರಕ್ಕೆ. ಊರಲ್ಲೇ, ಚಪ್ಪರ ಹಾಕಿ. ಹನ್ನೊಂದಕ್ಕೆ ಬೆಂಕಿ ಬಿತ್ತು. ಲಗ್ನ ಮುಂದಕ್ಕೆ ಹೋಯ್ತು."

"ಗೊತ್ತಿರೋದೇ ಅಲ್ವಾ."

"ಹೊಸ ಲಗ್ನ ಮಾರ್ಚ್ ಐದಕ್ಕೆ, ಶಿವಮೊಗ್ಗದಲ್ಲಿ. ಬೆಂಕಿ ಬಿದ್ದ ಮೇಲೆ ಇಟ್ಟ ಲಗ್ನ. ಇದರ ಮೇಲೆ ಹೊಡೆಸಿರೋ ತಾರೀಕು ಐದು, ಮೂರು, ತೊಂಬತ್ತೆಂಟು." ಕಲ್ಲಪ್ಪ ಹಾಳೆಯನ್ನು ಅವನ ಕಡೆ ತಿರುಗಿಸಿ ಹಿಡಿದ. "ಬೆಂಕಿ ಬಿದ್ದ ದಿನ ಪರಾರಿಯಾದೋನಿಗೆ ಈ ತಾರೀಕು ಹೇಗೆ ಗೊತ್ತಾಯ್ತು ಜಯಣ್ಣ?"

ಜಯಕುಮಾರ್ ಹಾಳೆ ನೋಡಲಿಲ್ಲ. ಹೆಂಡತಿಯನ್ನು ನೋಡಿದ. ಅವಳು ಸೆರಗಿನ ತುದಿಯಿಂದ ಕೈ ಒರೆಸುತ್ತಿದ್ದಳು. ಕೈ ಒದ್ದೆಯಿರಲಿಲ್ಲ.

"ಅವನು ಬದುಕಿದ್ದ" ಎಂದಳು ದಿವ್ಯಶ್ರೀ ಮೆಲ್ಲಗೆ. "ಬೆಂಕಿ ಆಗಿ ಮೂರು ವಾರ ಆದ್ಮೇಲೂ ಬದುಕಿದ್ದ. ನಿಮ್ಮ ಮದುವೆಗೆ ಬಂದಿದ್ದ."

"ಬಂದಿದ್ರೆ ಯಾರಾದ್ರೂ ನೋಡಿರ್ಬೇಕಲ್ಲಮ್ಮ. ಸಾವಿರ ಜನ ಸೇರಿದ್ರು." ಅವನ ದನಿ ತಣ್ಣಗಾಗಿತ್ತು. "ಇಲ್ಲೇ ಕೂತಿದಾರಲ್ಲ, ಇವರನ್ನೇ ಕೇಳು."

"ಯಾರನ್ನ?"

"ಇವರನ್ನೇ. ಸರ್ವೇರು. ಮೊದಲ್ನೇ ಪಂಕ್ತೀಲಿ ಊಟಕ್ಕೆ ಕೂತಿದ್ರು. ನಾನೇ ನಿಂತು ಹೋಳಿಗೆ ಬಡಿಸಿದ್ದೆ. ಊರನ್ನ ಬೇಚರಾಕ್ ಅಂತ ಬರೆದುಕೊಟ್ಟು ಮೂರೇ ದಿನ ಆಗಿತ್ತು. ಉಪಚಾರ ಮಾಡದೆ ಇರೋಕಾಗುತ್ತಾ?"

ದಿವ್ಯಶ್ರೀ ಕಲ್ಲಪ್ಪನ ಕಡೆ ತಿರುಗಿದಳು.

"ಹೇಳಿಲ್ವಾ ಇವಳಿಗೆ?" ಜಯಕುಮಾರ್ ಕುರ್ಚಿಗೆ ಒರಗಿದ. "ನಾನು ಇಪ್ಪತ್ತೇಳು ವರ್ಷದಿಂದ ಸುಳ್ಳು ಹೇಳ್ತಿದೀನಿ ಅಂತ ಅಳೆಯೋಕೆ ಬಂದಿದೀರಿ. ಒಳ್ಳೇದು. ನಿಮ್ಮ ಸರಪಳಿನ ನಿಮ್ಮ ಕಾಲ ಕೆಳಗಿಂದ ಶುರು ಮಾಡಿ."

ಕಲ್ಲಪ್ಪನ ಬಾಯಲ್ಲಿ ಬೆಲ್ಲ ಇನ್ನೂ ಕರಗಿರಲಿಲ್ಲ. "ಸಹಿ ನನ್ನದೇ ಕಣಮ್ಮ" ಎಂದ. "ಜೀಪಿಂದ ಇಳಿದಿರ್ಲಿಲ್ಲ. ಮಧ್ಯಾಹ್ನ ಊಟದ ಹೊತ್ತು ಆಗ್ತಿತ್ತು. ಊರು ಖಾಲಿ ಅಂದ್ರು, ಬರೆದೆ."

ಜಯಕುಮಾರ್ ಎದ್ದು ತಂಬಿಗೆಯನ್ನು ಕಲ್ಲಪ್ಪನ ಕೈಯಿಂದ ತೆಗೆದುಕೊಂಡ. ಉಳಿದ ನೀರನ್ನು ಕಿಟಕಿಯಾಚೆಯ ತುಳಸಿ ಕುಂಡಕ್ಕೆ ಚೆಲ್ಲಿದ. ಹೆಂಡತಿಯ ಕೈಗೆ ಕೊಟ್ಟ.

"ಒಳಗಿಡು. ನಿನ್ನ ಹತ್ರ ಆಮೇಲೆ ಮಾತಾಡ್ತೀನಿ."

ಸಹಿಯಾಗದ ಹೇಳಿಕೆ ಟೀಪಾಯಿಯ ಮೇಲೇ ಉಳಿಯಿತು.

*

ಹಾಳೆಯನ್ನು ಕರಿಯಮ್ಮನಿಗೆ ತೋರಿಸಲೆಂದು ದಿವ್ಯಶ್ರೀ ನೇರ ಭದ್ರಾವತಿಯ ದಾರಿ ಹಿಡಿದಳು. ಓಲ್ಡ್ ಟೌನಿನ ಪಾತ್ರೆ ಅಂಗಡಿಗಳ ಸಾಲಿನ ಮುಂದೆ ಸ್ಕೂಟರ್ ನಿಲ್ಲಿಸಿದಳು.

"ನಾನು ಅಸ್ಪಷ್ಟ ಅಂತ ಬರೀವಾಗ ನೀವು ಪಕ್ಕದಲ್ಲೇ ಇದ್ರಿ ಸರ್."

"ಇದ್ದೆ."

"ಪೆನ್ನಿನ ಕ್ಯಾಪ್ ಕೂಡ ನೀವೇ ಎತ್ತಿ ಕೊಟ್ರಿ."

ಕಲ್ಲಪ್ಪ ಇಳಿದು ಚೀಲವನ್ನು ಹೆಗಲಿಗೆ ಹಾಕಿಕೊಂಡ.

"ವರದೀಲಿ ನಿಮ್ಮ ಹೆಸರು ಹಾಕ್ತೀನಿ. ಅಳೆದೋರ ಪಟ್ಟಿಲೂ ಹಾಕ್ತೀನಿ, ಬರೆದೋರ ಪಟ್ಟಿಲೂ ಹಾಕ್ತೀನಿ." ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡಳು. "ಅಜ್ಜಿ ಮನೆಗೆ ನೀವೇ ಹೋಗಿ. ನನಗೆ ಇವತ್ತು ಇನ್ನೇನೂ ಕೇಳೋಕಾಗಲ್ಲ."

ಓಣಿಯ ಕೊನೆಯ ಒಂಟಿ ಕೋಣೆ ಕರಿಯಮ್ಮನದು. ಹೊತ್ತು ಮುಳುಗುತ್ತಿತ್ತು. ಹೊಸ್ತಿಲ ಮೇಲೆ ಕೂತು ಅವಳು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಕಿಲೋ ಲೆಕ್ಕದ ಕೂಲಿ. ಬೆಳಗ್ಗೆ ಊರಿಂದ ತಂದದ್ದನ್ನು ಮಾತ್ರ ಬೇರೆ ಮೊರದಲ್ಲಿ ಇಟ್ಟುಕೊಂಡಿದ್ದಳು.

ಕಲ್ಲಪ್ಪ ಜಗಲಿಯ ಮೇಲೆ ಕೂತ. ಹಾಳೆ ಬಿಚ್ಚಿದ. ಅವಳಿಗೆ ಓದು ಬರುವುದಿಲ್ಲ ಎಂದು ಗೊತ್ತಿತ್ತು.

"ಜಯಕುಮಾರನ ಮನೇಲಿ ಒಂದು ತಂಬಿಗೆ ಸಿಕ್ತು ಕರಿಯಕ್ಕ. ನಿನ್ನ ಗಂಡನ ಹೆಸರಿದೆ. ನೀನು ಬೆಳಗ್ಗೆ ಮುಯ್ಯಿ ಉಳೀತು ಅಂದೆ."

ಕರಿಯಮ್ಮನ ಕೈಯ ಕಲ್ಲು ನಿಂತಿತು. ಹಾಳೆಯನ್ನು ನೋಡಿದಳು.

"ತಾರೀಕು ಹೊಡೆದಿದಾರಾ ಅದರಲ್ಲಿ?"

ಕಲ್ಲಪ್ಪ ತಾರೀಕಿನ ಮಾತನ್ನೇ ಎತ್ತಿರಲಿಲ್ಲ.

"ನಿನಗೆ ಗೊತ್ತಿತ್ತು" ಎಂದ. "ಬೆಂಕಿ ಆದ್ಮೇಲೂ ಅವನು ಇದ್ದ. ನಿನ್ನ ಜೊತೆಗೇ ಇದ್ದ."

"ಈ ಕೋಣೇಲೇ ಇದ್ದ. ಇಪ್ಪತ್ತೊಂದು ದಿನ. ಪೊಲೀಸಿನವ್ರು ಹುಡುಕ್ತಿದ್ರು. ಹೊರಗೆ ತಲೆ ಹಾಕ್ತಿರ್ಲಿಲ್ಲ." ಅವ್ವನೋ ಅಕ್ಕನೋ ಮನೆಯ ಕತೆ ಹೇಳುವ ಹಾಗೆ ಹೇಳಿದಳು. "ಬೆಂಕಿ ಇಟ್ಟೋರ ಮುಖ ನೋಡಿದೀನಿ, ಎಲ್ಲರ ಮುಂದೆ ಹೇಳ್ತೀನಿ ಅಂದ. ಎಲ್ಲಿ ಹೇಳ್ತೀಯ, ನಿನ್ನ ಯಾರು ಒಳಗೆ ಬಿಡ್ತಾರೆ ಅಂದೆ. ಮದುವೆ ಮನೇಲಿ ಅಂದ. ಸಾಹೇಬ್ರುಗಳೆಲ್ಲ ಬಂದಿರ್ತಾರೆ. ಮುಯ್ಯಿ ಹಿಡ್ಕೊಂಡು ಬಂದೋನನ್ನ ಚಪ್ಪರದಲ್ಲಿ ಯಾರೂ ತಡೆಯೋ ಹಂಗಿಲ್ಲ ಅಂದ."

"ಹೋದ."

"ಹೋದ. ಇದೇ ಓಣಿ ತುದೀಲಿ ತಂಬಿಗೆ ತಗೊಂಡ. ಒಂದಲ್ಲ, ಜೋಡಿ."

ಅವಳು ಎದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳದ ಸದ್ದು ಕೇಳಿಸಿತು. ಹೊರಗೆ ಬಂದಾಗ ಕೈಯಲ್ಲಿ ತಾಮ್ರದ ತಂಬಿಗೆ. ವಿಮಲಾ ಕೊಟ್ಟದ್ದಕ್ಕೆ ಅವಳಿಜವಳಿ. ಬಳಸದೆ ಕಪ್ಪಿಟ್ಟಿತ್ತು. ಅವನ ಮುಂದಿಟ್ಟಳು.

ಕಲ್ಲಪ್ಪ ಬಗ್ಗಿ ಓದಿದ. 'ಸರ್ವೆ ಕಲ್ಲಪ್ಪನವರಿಗೆ. ಕೆಂಚಪ್ಪ, ಹಾಲವಾಣಗಟ್ಟೆ. ೫-೩-೯೮.'

"ಜಮೀನು ಸರಿಯಾಗಿ ಅಳೆದುಕೊಟ್ರಿ ನೀವು. ಲಂಚ ಇರ್ಲಿ, ಒಂದು ಲೋಟ ಕಾಫಿನೂ ಇಸ್ಕೊಳ್ಳಲಿಲ್ಲ. ಋಣ ಇಟ್ಕೋಬಾರ್ದು, ಮದುವೇಲಿ ಸಿಗ್ತಾರೆ ಅಂದ. ಊರು ಖಾಲಿ ಅಂತ ನೀವೇ ಬರೆದುಕೊಟ್ರಿ ಅಂತ ಅವನಿಗೆ ಗೊತ್ತಿತ್ತು ಸಾಮಿ. ಗೊತ್ತಿದ್ದೂ ಮಾಡಿಸ್ದ. ನಾನು ಇದೀನಿ, ಬದುಕಿದೀನಿ, ಊರು ಬೇಚರಾಕ್ ಆಗಿಲ್ಲ ಅಂತ ಹೇಳಿದ್ರೆ ಅವರು ತಿದ್ದಿ ಬರೀತಾರೆ ಅಂದ. ಒಳ್ಳೇರು ಅಂದ."

ಓಣಿಯಲ್ಲಿ ಯಾರದೋ ಕುಕ್ಕರ್ ಕೂಗಿತು. ಕಲ್ಲಪ್ಪ ತಂಬಿಗೆಯನ್ನು ಮುಟ್ಟಲಿಲ್ಲ.

"ನನ್ನ ಕೈಗೆ ಬರಲಿಲ್ಲ ಕರಿಯಕ್ಕ. ಅವನನ್ನ ನಾನು ನೋಡ್ಲಿಲ್ಲ. ಇದು ನಿನ್ನ ಹತ್ರ ಹೇಗೆ ಬಂತು?"

"ನೋಡ್ಲಿಲ್ವಾ?"

"ಇಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ಬೆಳಗ್ಗೆ ಸರಪಳಿಯ ಮೇಲಿಟ್ಟಿದ್ದ ಕಣ್ಣು ಈಗ ಅಲ್ಲಾಡಲಿಲ್ಲ.

"ಮದುವೆ ಆಗಿ ಒಂಬತ್ತನೇ ದಿನ ಒಂದು ಹೆಣ್ಣು ಬಂತು. ಕೈತುಂಬ ಹಸಿರು ಬಳೆ, ಕಾಲಲ್ಲಿ ಅರಿಶಿನ ಇನ್ನೂ ಹೋಗಿರ್ಲಿಲ್ಲ. ನಾನು ಜಯಕುಮಾರ್ ಹೆಂಡ್ತಿ ಅಂತು. ಇದನ್ನ ಕೊಡ್ತು. ಸರ್ವೇರು ಬೇಡ ಅಂದ್ರಂತೆ, ನಮ್ಮನೆಯವ್ರು ಹೇಳಿದ್ರು ಅಂತು. ಇನ್ನು ನಿಮ್ಮೋರ್ನ ಕಾಯಬೇಡಿ ಅಂತು. ಅಳ್ತಾ ಹೋಯ್ತು."

"ಬೇಡ ಅಂದ್ರಂತೆ."

"ನೀವು ನೋಡಿದೀರಿ ಅಂತ ತಾನೇ ಅರ್ಥ. ನೋಡಿ, ಬೇಡ ಅಂದು, ಅವರ ಕೈಗೆ ಬಿಟ್ಟಿದೀರಿ ಅಂತ." ಕರಿಯಮ್ಮ ಹೊಸ್ತಿಲ ಮೇಲೆ ಮತ್ತೆ ಕೂತಳು. "ಅವಾಗ ಮಗಳು ಬಸುರಿ, ಬಾಯಿ ಮುಚ್ಕೊಂಡೆ. ಈಗ ಆ ಹುಡ್ಗಿ ಬಂದು ಎಲ್ಲಾ ಹೇಳಿ ಅಜ್ಜಿ ಅಂತು. ಹೇಳ್ಬೋದಿತ್ತು. ಅವಳ ಪಕ್ಕ ಪುಸ್ತಕ ಹಿಡ್ಕೊಂಡು ನೀವು ಕೂತಿದ್ರಿ. ಎಲ್ಲಾ ಗೊತ್ತಿರೋ ಮನುಷ್ಯ ಏನೂ ಗೊತ್ತಿಲ್ಲದೋರ ಥರ ಅಳೀತಿದಾನಲ್ಲ, ಎಲ್ಲಿವರೆಗೆ ಅಳೀತಾನೆ ನೋಡೋಣ ಅಂತ ನಾನೂ ಸುಮ್ಮನಿದ್ದೆ."

ಮೂರು ವಾರ. ಪ್ರತಿ ಮನೆಯ ಹೆಸರನ್ನೂ ನಗುತ್ತ ಹೇಳಿದ್ದಳು. ಬುತ್ತಿಯಲ್ಲಿ ಅವನಿಗೂ ಒಂದು ಮುದ್ದೆ ಕಟ್ಟಿ ತರುತ್ತಿದ್ದಳು.

"ಆ ಮದುವೇಲಿ ನಾನು ಉಂಡಿದ್ದು ನಿಜ" ಎಂದ ಕಲ್ಲಪ್ಪ. "ಊಟದ ಮಧ್ಯೆ ಯಾರೋ ಬಂದು, ನಿಮ್ಮನ್ನ ಯಾರೋ ಕೇಳ್ಕೊಂಡು ಬಂದಿದಾನೆ, ಚಪ್ಪರದ ಹಿಂದೆ ನಿಂತಿದಾನೆ ಅಂದ್ರು. ಊಟ ಆಗ್ಲಿ, ಕೂರೋಕೆ ಹೇಳಿ ಅಂದೆ. ಕೈ ತೊಳೆದು ಹೋಗಿ ನೋಡ್ದೆ. ಯಾರೂ ಇರ್ಲಿಲ್ಲ. ಮರೆತೇಬಿಟ್ಟೆ."

ಕರಿಯಮ್ಮ ಎದ್ದಳು. ತಂಬಿಗೆ ಎತ್ತಿಕೊಂಡು ಹೋಗಿ ಬೂದಿಯಲ್ಲಿ ತಿಕ್ಕಿ ತೊಳೆದು, ಕೊಡದಿಂದ ನೀರು ತುಂಬಿ ತಂದು ಅವನ ಮುಂದಿಟ್ಟಳು.

"ಕುಡೀರಿ. ನಿಮ್ಮದೇ ಅದು."

ಆಗ ಕಲ್ಲಪ್ಪನಿಗೆ ಮಧ್ಯಾಹ್ನದ ತಟ್ಟೆ ನೆನಪಾಯಿತು. ದಿವ್ಯಶ್ರೀಗೆ ಸ್ಟೀಲ್ ಲೋಟ. ತನಗೆ ಮಾತ್ರ ತಂಬಿಗೆ. ಅಕ್ಷರದ ಬದಿ ತನ್ನ ಹೆಬ್ಬೆರಳಿಗೆ ಬರುವ ಹಾಗೆ ವಿಮಲಾ ಕೈಗೇ ಇಟ್ಟಿದ್ದಳು. ನಿಧಾನವಾಗಿ ಕುಡೀರಿ ಎಂದಿದ್ದಳು.

ಆ ಮನೆಯಲ್ಲಿ ಪಾತ್ರೆ ಮೇಲಿನ ಹೆಸರನ್ನು ಓದಿದವಳು ಒಬ್ಬಳಿದ್ದಳು. ಇಪ್ಪತ್ತೇಳು ವರ್ಷ ಓದುತ್ತಲೇ ಬೆಳಗಿದ್ದಳು.

ಅವಳನ್ನು ಆ ಮನೆಯಲ್ಲೇ ಬಿಟ್ಟು ಬಂದಿದ್ದ. ಗಂಡ ಅವಳನ್ನು ನೋಡಿದ ನೋಟ ಕಂಡೂ ಬಿಟ್ಟು ಬಂದಿದ್ದ.

ಫೋನು ತೆಗೆದು ಜಯಕುಮಾರನ ನಂಬರು ಒತ್ತಿದ. ಎರಡನೇ ರಿಂಗಿಗೇ ಎತ್ತಿದರು.

"ವಿಮಲಮ್ಮನಿಗೆ ಕೊಡಿ ಜಯಣ್ಣ. ಒಂದು ಮಾತು ಕೇಳೋದಿತ್ತು."

"ಅವಳು ಮನೇಲಿಲ್ಲ ಸರ್ವೇರೇ." ಜಯಕುಮಾರನ ದನಿಯಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. "ನೀವು ಹೋದ್ಮೇಲೆ ಒಂದೇ ಹಠ. ಆ ತಂಬಿಗೆನ ನಿಮಗೇ ತಲುಪಿಸ್ಬೇಕು ಅಂತ. ಸರಿ, ಹೋಗು ಅಂದೆ. ಮಿಲ್ಲಿನ ಜೀಪಲ್ಲಿ ಕಳಿಸಿದೀನಿ. ನವುಲೆ, ನಿಮ್ಮನೆಗೇ. ಎರಡು ಗಂಟೆ ಮೇಲಾಯ್ತಲ್ಲ." ಸ್ವಲ್ಪ ತಡೆದ. "ಬರ್ಲಿಲ್ವಾ ಇನ್ನೂ?"

ವಿನೋಬನಗರದಿಂದ ನವುಲೆಗೆ ಕಾಲು ಗಂಟೆಯ ದಾರಿ. ಕಲ್ಲಪ್ಪನ ಫೋನಿಗೆ ಮನೆಯಿಂದ ಒಂದು ಕರೆಯೂ ಬಂದಿರಲಿಲ್ಲ.

ಕರಿಯಮ್ಮ ಒಳಗೆ ದೀಪ ಹಚ್ಚಿದಳು. ಜಗಲಿಯ ಮೇಲೆ ತಂಬಿಗೆ ತುಂಬಿದ್ದು ತುಂಬಿದ ಹಾಗೇ ಇತ್ತು.